ಪಾಟೀಲಕಿಯಿಂದ ಗಸ್ತಿನವರೆಗೆ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಲ್ಲಿ ಪೊಲೀಸ್ ನಾಯಕತ್ವ

ಕಲಬುರಗಿ ಜಿಲ್ಲೆಯ ಆಳಂದ ಹಾಗೂ ಅಫಜಲಪುರ ತಾಲೂಕುಗಳು ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡಿವೆ. ಅಫಜಲಪುರ ಮತ್ತು ಜೇವರ್ಗಿ ಭೀಮಾ ತೀರದ ತಾಲೂಕುಗಳು. ಗಡಿ ಮತ್ತು ನದಿ ಇಲ್ಲಿನ ಕಾನೂನುಪಾಲನೆಯ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸಿವೆ. ಪೊಲೀಸ್ ನಾಯಕತ್ವವೆಂದರೆ ಹಿರಿಯ ಅಧಿಕಾರಿಗಳ ನಾಯಕತ್ವವೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಈ ಭಾಗದ ಅನುಭವವು ಬೇರೊಂದು ಅಂಶವನ್ನು ಸೂಚಿಸುತ್ತದೆ.

ನಿಜಾಮರ ಆಳ್ವಿಕೆಯಲ್ಲಿ ಗ್ರಾಮದ ಶಾಂತಿಪಾಲನೆ ಪೊಲೀಸ್ ಪಾಟೀಲನ ಹೊಣೆಯಾಗಿದ್ದರೆ, ಕಂದಾಯ ವಸೂಲಿ ಮಾಲಿ ಪಾಟೀಲನದಾಗಿತ್ತು. ಪಾಟೀಲಕಿ ವಂಶಪಾರಂಪರ್ಯವಾದುದು. ಊರಿನ ಪ್ರತಿ ಮನೆತನವನ್ನು ಬಲ್ಲ ಅರಿವು ಅದರ ಬಲವಾಗಿದ್ದರೆ, ಜಾತಿ ಮತ್ತು ಭೂಒಡೆತನದ ಪಕ್ಷಪಾತ ಅದರ ದೋಷವಾಗಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಹಾಗೂ 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಈ ಪ್ರದೇಶ ಏಕರೂಪದ ಆಡಳಿತಕ್ಕೆ ಒಳಪಟ್ಟಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯು ವಂಶಪಾರಂಪರ್ಯ ಅಧಿಕಾರವನ್ನು ಕೊನೆಗಾಣಿಸಿತು. ಪಕ್ಷಪಾತದ ಆ ಮೂಲ ಅಳಿಯಬೇಕಾದುದು ನ್ಯಾಯವೇ. ಆದರೆ ಅದರೊಡನೆ ಗ್ರಾಮದ ಒಳ ಅರಿವೂ ಠಾಣೆಯಿಂದ ದೂರವಾಯಿತು.

ಈ ಕೊರತೆಯ ಪರಿಣಾಮ ಎರಡು ಬಗೆಯ ಸಂದರ್ಭಗಳಲ್ಲಿ ಗೋಚರಿಸುತ್ತದೆ. ಮೊದಲನೆಯದು ಜನಸಮೂಹದ ನಿರ್ವಹಣೆ. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿರುವ ರಾಘವಚೈತನ್ಯ ಶಿವಲಿಂಗದ ಪೂಜೆಗೆ ಸಂಬಂಧಿಸಿ 2022ರ ಮಾರ್ಚ್ 1ರಂದು ಕಲ್ಲುತೂರಾಟ ನಡೆಯಿತು. ಮರುವರ್ಷ ನ್ಯಾಯಮಂಡಳಿಯು ಉಭಯ ಸಮುದಾಯಗಳಿಗೂ ಪ್ರತ್ಯೇಕ ವೇಳೆಯನ್ನು ಗೊತ್ತುಪಡಿಸಿತು. ಇಂಥ ಕಡೆ ಲಾಠಿಯ ಆಜ್ಞೆಗಿಂತ ಪೂರ್ವಸಿದ್ಧತೆ, ಉಭಯ ಪಕ್ಷಗಳೊಡನೆ ಮಾತುಕತೆ ಹಾಗೂ ನಿಷ್ಪಕ್ಷಪಾತವೇ ನಾಯಕತ್ವದ ಲಕ್ಷಣವಾಗುತ್ತವೆ. ಎರಡನೆಯದು ನದಿತೀರದ ಗಸ್ತು. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಅಕ್ರಮ ಮರಳು ಸಾಗಣೆ ತಡೆಯಲು ಹೋಗಿ ಟ್ರ್ಯಾಕ್ಟರ್ ಹರಿದು ಮೃತಪಟ್ಟರು. ವಾಹನವನ್ನು ತಡೆಯಬೇಕೆ, ಹೆಚ್ಚಿನ ಬಲಕ್ಕಾಗಿ ಕಾಯಬೇಕೆ ಎಂಬ ತೀರ್ಮಾನವನ್ನು ಇಂಥ ಗಸ್ತಿನಲ್ಲಿ ಕ್ಷಣಾರ್ಧದಲ್ಲಿ ಕೈಗೊಳ್ಳಬೇಕಾದವರು ಕೆಳಹಂತದ ಸಿಬ್ಬಂದಿಯೇ.

2017ರಲ್ಲಿ ರಾಜ್ಯದಲ್ಲಿ ಜಾರಿಗೊಂಡ ಸುಧಾರಿತ ಗಸ್ತು ವ್ಯವಸ್ಥೆಯು ಪ್ರತಿ ಪ್ರದೇಶವನ್ನು ಒಬ್ಬ ನಿರ್ದಿಷ್ಟ ಸಿಬ್ಬಂದಿಯ ಹೊಣೆಗೆ ಒಪ್ಪಿಸಿ, ಸ್ಥಳೀಯ ನಾಗರಿಕರೊಡನೆ ಸಂಪರ್ಕವಿರಿಸಿಕೊಳ್ಳುವಂತೆ ವಿಧಿಸಿತು. ಪಾಟೀಲನಿಗಿದ್ದ ಅರಿವನ್ನು ಅವನ ಪಕ್ಷಪಾತವಿಲ್ಲದೆ ಮರಳಿ ಪಡೆಯುವ ಪ್ರಯತ್ನವೆಂದು ಇದನ್ನು ಪರಿಗಣಿಸಬಹುದು. ಆದರೆ ಅರಿವು ಬೆಳೆಯಲು ಕಾಲಾವಕಾಶ ಬೇಕು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳ ಅವಧಿಯನ್ನು ನಿರ್ದೇಶಿಸಿದ್ದರ ಔಚಿತ್ಯವೂ ಇದರಿಂದ ಸ್ಪಷ್ಟವಾಗುತ್ತದೆ.

ಆದ್ದರಿಂದ ನಾಯಕತ್ವದ ತರಬೇತಿಯು ಅಧಿಕಾರಿವರ್ಗಕ್ಕೆ ಸೀಮಿತವಾಗದೆ ಹೆಡ್ ಕಾನ್‌ಸ್ಟೇಬಲ್ ಹಂತಕ್ಕೂ ವಿಸ್ತರಿಸಬೇಕು. ಹೊಣೆಯನ್ನು ಕೆಳಹಂತಕ್ಕೆ ಒಪ್ಪಿಸುವ ವ್ಯವಸ್ಥೆಯು, ಆ ಹೊಣೆಗೆ ತಕ್ಕ ನಿರ್ಧಾರಾಧಿಕಾರವನ್ನೂ ರಕ್ಷಣೆಯನ್ನೂ ಒದಗಿಸಿದಾಗ ಮಾತ್ರ ನಾಯಕತ್ವವು ಠಾಣೆಯಿಂದ ಹಳ್ಳಿಯವರೆಗೆ ತಲುಪಬಲ್ಲದು.