ಅಪ್ಪನ ವರದಿ, ಮನೆಮಂದಿಯ ತಟ್ಟೆ

ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದ ಮೇಲೆ ಕೈಗೆ ಸಿಗುವ ವರದಿಯಲ್ಲಿ 112 ಅಥವಾ 118 ಎಂಬ ಅಂಕಿ ಇದ್ದರೆ ಏನೆಂದು ತಿಳಿಯಬೇಕು? ನೂರರೊಳಗೆ ಇದ್ದಿದ್ದರೆ ನಿಶ್ಚಿಂತೆ. 126 ಮುಟ್ಟಿ, ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಮಧುಮೇಹ. ಎರಡರ ನಡುವೆ ನಿಂತ ಅಂಕಿಯನ್ನು ಕಂಡು 'ಸದ್ಯ, ಸಕ್ಕರೆ ಕಾಯಿಲೆ ಬಂದಿಲ್ಲವಲ್ಲ' ಎಂದು ಸಮಾಧಾನಪಟ್ಟು, ದಾರಿಯಲ್ಲೇ ಒಂದು ಮಸಾಲೆ ದೋಸೆ ತಿಂದು ಮನೆಗೆ ಬರುವವರಿಗೇನೂ ಕಡಿಮೆಯಿಲ್ಲ. ವೈದ್ಯರು ಇದನ್ನು ಮಧುಮೇಹಪೂರ್ವ ಸ್ಥಿತಿ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿಯಾದರೆ, ಹೀಗೆ ಹೊಸ್ತಿಲ ಮೇಲೆ ನಿಂತವರು 13.6 ಕೋಟಿ.

ಹೊಸ್ತಿಲು ಎನ್ನಲು ಕಾರಣವಿದೆ. ಉಂಡ ಅನ್ನ, ರೊಟ್ಟಿ, ಬ್ರೆಡ್ಡುಗಳ ಪಿಷ್ಟವೆಲ್ಲ ಕೊನೆಗೆ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಅದನ್ನು ಸ್ನಾಯುಗಳು ಒಳಗೆಳೆದುಕೊಳ್ಳಲು ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಬೇಕು. ಕುಳಿತೇ ದಿನ ಕಳೆಯುವ, ಹೊಟ್ಟೆಯ ಸುತ್ತ ಕೊಬ್ಬು ಸೇರಿದ ದೇಹದಲ್ಲಿ ಸ್ನಾಯುಗಳೂ ಯಕೃತ್ತೂ ಇನ್ಸುಲಿನ್ನಿನ ಮಾತಿಗೆ ಮೊದಲಿನಂತೆ ಕಿವಿಗೊಡುವುದಿಲ್ಲ. ಗ್ರಂಥಿ ವರ್ಷಗಟ್ಟಲೆ ಹೆಚ್ಚು ಹೆಚ್ಚು ದುಡಿದು ಲೆಕ್ಕ ಸರಿದೂಗಿಸುತ್ತದೆ. ಅದು ದಣಿಯತೊಡಗಿದಾಗ ವರದಿಯ ಅಂಕಿ ಏರುತ್ತದೆ. ನೋವಿಲ್ಲ, ಅತಿಯಾದ ಬಾಯಾರಿಕೆಯಿಲ್ಲ. ಆದ್ದರಿಂದಲೇ ಈ ಎಚ್ಚರಿಕೆಯನ್ನು ಅಲಕ್ಷಿಸುವುದು ಬಹಳ ಸುಲಭ.

ಹೊಸ್ತಿಲಿನಿಂದ ಹಿಂದಕ್ಕೆ ಹೆಜ್ಜೆ ಇಡಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥದೇ ಸ್ಥಿತಿಯಲ್ಲಿದ್ದ 531 ಮಂದಿಯನ್ನು ಸುಮಾರು ಎರಡೂವರೆ ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ಅನ್ನ ಸಾಂಬಾರಿನ ನಾಡಿನವರು. ವಿಶೇಷ ಸಲಹೆಯೇನೂ ಇಲ್ಲದೆ ಬಿಟ್ಟವರಲ್ಲಿ ನೂರಕ್ಕೆ 55 ಮಂದಿ ಆ ಅವಧಿಯೊಳಗೇ ಮಧುಮೇಹಿಗಳಾದರು. ಸಕ್ಕರೆ ಬಿಟ್ಟು, ಅನ್ನ ಮತ್ತು ಎಣ್ಣೆ ತಗ್ಗಿಸಿ, ನಾರಿನಂಶ ಹೆಚ್ಚಿಸಿ, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯುವಂತೆ ಹೇಳಿಸಿಕೊಂಡವರಲ್ಲಿ ಈ ಸಂಖ್ಯೆ 39. ಮಾತ್ರೆ ಕೊಟ್ಟ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಮಾತ್ರೆ, ಪಥ್ಯ ಎರಡನ್ನೂ ಸೇರಿಸಿದರೂ ಹೆಚ್ಚಿನ ಲಾಭವೇನೂ ಕಾಣಲಿಲ್ಲ. 39 ಎಂಬುದು ಸಣ್ಣ ಸಂಖ್ಯೆಯಲ್ಲ, ನಿಜ. ಪಥ್ಯ ಮಾಡಿದ ಎಲ್ಲರೂ ಪಾರಾಗುತ್ತಾರೆಂದು ಯಾರೂ ಭರವಸೆ ಕೊಡಲಾರರು. ಆದರೆ ಈ ಅಧ್ಯಯನದ ಇನ್ನೊಂದು ಸಂಗತಿ ಗಮನಾರ್ಹ. ಪಥ್ಯದವರ ತೂಕ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ. ತೂಕದ ಮುಳ್ಳು ಅಲುಗದಿದ್ದರೂ ಒಳಗೆ ಒಳ್ಳೆಯದಾಗುತ್ತಿತ್ತು.

'ನಾನು ಸಣಕಲು, ನನಗೆಲ್ಲಿಯ ಸಕ್ಕರೆ ಕಾಯಿಲೆ' ಎನ್ನುವವರಿಗೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರೇ ಉತ್ತರ. ಅವರೂ ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ತಮ್ಮಿಬ್ಬರ ಭಾವಚಿತ್ರವನ್ನು 2004ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದ ಕೊಬ್ಬಿನ ಪ್ರಮಾಣ ಯುಡ್ಕಿನ್ನರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2! ಭಾರತೀಯರ ಮಟ್ಟಿಗೆ ತಕ್ಕಡಿಗಿಂತ ಟೇಪು ಹೆಚ್ಚು ನಿಜ ಹೇಳುತ್ತದೆ. ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಿದರೆ ಜೋಕೆಯಾಗಿರಬೇಕು. ಚೆನ್ನೈನ ಇನ್ನೊಂದು ತಂಡ 2005ರಲ್ಲಿ ರೂಪಿಸಿದ ಸರಳ ಅಂಕಪಟ್ಟಿಯೂ ಇದನ್ನೇ ನೆಚ್ಚಿದೆ. ಅಲ್ಲಿ ವಯಸ್ಸಿಗೆ 30, ತಂದೆತಾಯಿಗಳಿಗೆ ಮಧುಮೇಹವಿದ್ದರೆ 20, ಸೊಂಟಕ್ಕೆ 20, ವ್ಯಾಯಾಮವಿಲ್ಲದ ಬದುಕಿಗೆ 30 ಅಂಕ. ಒಟ್ಟು 60 ಮುಟ್ಟಿದರೆ ಅಪಾಯ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬೇಕೆನ್ನುವ ವಿದ್ಯಾರ್ಥಿಗಳು ಇಲ್ಲಿ ಮಾತ್ರ ಕಡಿಮೆ ಗಳಿಸಬೇಕು. ವಯಸ್ಸನ್ನೂ ತಂದೆತಾಯಿಗಳನ್ನೂ ಬದಲಾಯಿಸಲಾಗದು. ಉಳಿದ 50 ಅಂಕ ಕೈಯಲ್ಲೇ ಇದೆ.

ಅಪ್ಪನಿಗೆ ಬಂದ ಎಚ್ಚರಿಕೆ ಮಕ್ಕಳಿಗೂ ಸಲ್ಲುವುದು ಈ ಕಾರಣಕ್ಕೆ. ಆದರೆ ಮನೆಗಳಲ್ಲಿ ನಡೆಯುವುದೇ ಬೇರೆ. ಅಪ್ಪನಿಗೆಂದು ಪ್ರತ್ಯೇಕವಾಗಿ ಎರಡು ಚಪಾತಿ, ಉಳಿದವರಿಗೆ ಎಂದಿನ ಅಡುಗೆ. ಎರಡೆರಡು ಬಗೆ ಬೇಯಿಸಿ ಅಮ್ಮ ಸುಸ್ತಾಗುತ್ತಾಳೆ, ಮಕ್ಕಳ ತಟ್ಟೆ ನೋಡಿ ಅಪ್ಪ ಸಿಡುಕುತ್ತಾರೆ, ತಿಂಗಳೊಳಗೆ ಪಥ್ಯ ಮುಗಿಯುತ್ತದೆ. ಎಚ್ಚರಿಕೆ ಅಮ್ಮನಿಗೇ ಬಂದರೆ ಬೇರೆ ಅಡುಗೆಯ ಮಾತೇ ಏಳುವುದಿಲ್ಲ. ಎಲ್ಲರದೂ ಆದ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನವೇ ಅವಳ ಊಟ. ಬಸುರಿಯಾಗಿದ್ದಾಗ ಸಕ್ಕರೆ ಅಂಶ ಏರಿದ್ದ ಹೆಂಗಸರಿಗೆ ಮುಂದೆ ಅಪಾಯ ಹೆಚ್ಚೆಂಬುದು ಗೊತ್ತಿದ್ದೂ ಮರೆತುಹೋಗುತ್ತದೆ. ಬದಲಾಗಬೇಕಾದದ್ದು ಒಬ್ಬರ ತಟ್ಟೆಯಲ್ಲ, ಎಲ್ಲರಿಗೂ ಬಡಿಸುವ ಪಾತ್ರೆ.

ಬೆಳಿಗ್ಗೆ ಚಿತ್ರಾನ್ನ ಅಥವಾ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಕಾಫಿಯೊಡನೆ ರಸ್ಕು, ರಾತ್ರಿ ಮತ್ತೆ ಅನ್ನ. ಹಳೇ ಮೈಸೂರು ಕಡೆಯ ಅನೇಕ ಮನೆಗಳ ದಿನಚರಿ ಇದು. ಪಲ್ಯ ನೆಂಚಿಕೊಳ್ಳಲು ಮಾತ್ರ. ಹಾಗೆಂದು ಅನ್ನವನ್ನು ಬಹಿಷ್ಕರಿಸಬೇಕಾಗಿಲ್ಲ, ಅಳತೆ ತಿರುಗಿಸಿದರೆ ಸಾಕು. ಬಸ್ಸಾರು ಮಾಡಿದ ದಿನ ಸೊಪ್ಪು ಕಾಳಿನ ಪಲ್ಯ ಎರಡು ಸೌಟು, ಅನ್ನ ಒಂದು ಸೌಟು. ಸಾರು ತಿಳಿಯಾಗಿರುವ ಬದಲು ಬೇಳೆ, ಹುರುಳಿ, ಮೊಳಕೆಕಾಳುಗಳಿಂದ ಗಟ್ಟಿಯಾಗಿರಲಿ. ಮದುವೆ ಊಟದ ಎಲೆಯಲ್ಲಿ ಕೋಸಂಬರಿ, ಪಲ್ಯಗಳನ್ನು ಮೊದಲು ಬಡಿಸುತ್ತಾರೆ, ಅನ್ನ ಬರುವುದು ಆಮೇಲೆ. ತರಕಾರಿ, ಕಾಳುಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ರಕ್ತದ ಸಕ್ಕರೆ ಅಷ್ಟಾಗಿ ಏರುವುದಿಲ್ಲವೆಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಅನ್ನಕ್ಕಾಗಿ ಕೈಕಟ್ಟಿ ಕಾಯುವವರು ಎಲೆಯಲ್ಲಿರುವ ಕೋಸಂಬರಿಯಿಂದಲೇ ಶುರುಮಾಡಬಹುದಲ್ಲ? ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪಿನ ಊಟಕ್ಕಂತೂ ಹೆಚ್ಚಿನ ತಿದ್ದುಪಡಿ ಬೇಡ.

ರಾಗಿಯ ವಿಷಯದಲ್ಲಿ ಒಂದು ಭ್ರಮೆ ಬೆಳೆದಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಶರ್ಕರಪಿಷ್ಟ ಸುಮಾರು 78 ಗ್ರಾಂ, ನಾರು 3 ಗ್ರಾಂ. ರಾಗಿಯಲ್ಲಿ ಪಿಷ್ಟ 67, ನಾರು 11. ರಾಗಿ ಮೇಲು, ಸಂಶಯವಿಲ್ಲ. ಆದರೆ ಅದೂ ಪಿಷ್ಟವೇ. ಹೊಲ ಉಳುವವನಿಗೆ ದಕ್ಕುವ ಮುದ್ದೆ, ಕುರ್ಚಿಯಲ್ಲಿ ಕೂರುವವನಿಗೆ ಅರ್ಧವಾದರೂ ಹೆಚ್ಚೇ. ಸಕ್ಕರೆಯ ಬದಲು ಬೆಲ್ಲ, ಜೇನುತುಪ್ಪ ಎನ್ನುವುದು ಇನ್ನೊಂದು ಸಮಾಧಾನ. ನಾಲಗೆಗೆ ವ್ಯತ್ಯಾಸ ತಿಳಿದೀತು, ರಕ್ತಕ್ಕೆ ತಿಳಿಯದು. ಬೆಳಿಗ್ಗೆ ಹಾಗಲಕಾಯಿ ರಸ ಕುಡಿದ ಧೈರ್ಯದ ಮೇಲೆ ಸಂಜೆ ಜಿಲೇಬಿ ತಿನ್ನುವವರೂ ಇದ್ದಾರೆ.

ಕಾಫಿ ಟೀಗಳ ಲೆಕ್ಕವನ್ನು ಮಕ್ಕಳೇ ಹಾಕಲಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ. ಒಟ್ಟು 40 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ, ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಲೇಸು. ಅದೇ ಮಕ್ಕಳು ಟ್ಯೂಷನ್ ಮುಗಿಸಿ ಬೇಕರಿಯ ಮುಂದೆ ಕುಡಿಯುವ 300 ಮಿ.ಲೀ. ಕೋಲಾದಲ್ಲೇ 30 ಗ್ರಾಂ ಆಸುಪಾಸು ಇರುತ್ತದೆ, ಜೊತೆಗೆ ಮೈದಾದ ಪಫ್ ಬೇರೆ. ಒಂದು ಕಾಲಕ್ಕೆ ಐವತ್ತು ದಾಟಿದವರ ಕಾಯಿಲೆ ಎನಿಸಿದ್ದ ಎರಡನೆಯ ಬಗೆಯ ಮಧುಮೇಹ ಈಗ ಹದಿಹರೆಯದವರಲ್ಲೂ ಕಾಣಿಸುತ್ತಿರುವುದರಿಂದಲೇ ಸಿಬಿಎಸ್‌ಇ 2025ರ ಮೇನಲ್ಲಿ ತನ್ನ ಶಾಲೆಗಳಿಗೆಲ್ಲ ಸಕ್ಕರೆಯ ಪ್ರಮಾಣ ತಿಳಿಸುವ ಫಲಕಗಳನ್ನು ಹಾಕಲು ಸೂಚಿಸಿತು. ಫಲಕ ಓದುವುದು ಶಾಲೆಯಲ್ಲಿ, ತಿನ್ನುವುದು ಬೀದಿಯಲ್ಲಿ ಎಂದಾಗಬಾರದಷ್ಟೆ. ಸಂಜೆಯ ಹಸಿವಿಗೆ ಮನೆಯಲ್ಲಿ ಬೇಯಿಸಿದ ಕಡಲೆಕಾಯಿ, ಉಸಲಿ, ಒಂದು ಸೀಬೆಹಣ್ಣು ಸಿದ್ಧವಿದ್ದರೆ ಬೇಕರಿಯ ಆಕರ್ಷಣೆ ಅರ್ಧ ಕಡಿಮೆ. ಬೆಳೆಯುವ ಮಕ್ಕಳನ್ನು ಉಪವಾಸ ಕೆಡಹುವುದಾಗಲಿ, ಅನ್ನವನ್ನೇ ನಿಲ್ಲಿಸುವುದಾಗಲಿ ಸಲ್ಲದು. ಈಗಾಗಲೇ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಊಟದ ಅಳತೆ ಬದಲಿಸಕೂಡದು.

ಮುಂದಿನ ಪರೀಕ್ಷೆಗೆ ಎರಡು ದಿನ ಮೊದಲಷ್ಟೇ ಪಥ್ಯ ಹಿಡಿದು ಒಳ್ಳೆಯ ಅಂಕಿ ಗಿಟ್ಟಿಸುವ ಜಾಣರಿಗೇನೂ ಕೊರತೆಯಿಲ್ಲ. ಅವರ ಆಟ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನಡೆಯದು. ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಅಷ್ಟೂ ದಿನ ಅವುಗಳಿಗೆ ಅಂಟಿದ ಸಕ್ಕರೆಯನ್ನು ಆ ಪರೀಕ್ಷೆ ಹೇಳಿಬಿಡುತ್ತದೆ. 5.7ರಿಂದ 6.4ರವರೆಗೆ ಹೊಸ್ತಿಲು, 6.5 ಆದರೆ ಮಧುಮೇಹ. ರಕ್ತಹೀನತೆ ಇರುವವರಲ್ಲಿ, ಅಂದರೆ ಅನೇಕ ಮನೆಗಳ ಅಮ್ಮಂದಿರಲ್ಲಿ, ಈ ಅಂಕಿ ದಾರಿ ತಪ್ಪಿಸಬಹುದು. ಅಂಥವರಿಗೆ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ಬಳಿಕ ಮಾಡುವ ಪರೀಕ್ಷೆಯೂ ಆಗಬೇಕು. ಅದರಲ್ಲಿ 140ರೊಳಗೆ ಬಂದರೆ ಸರಿ.