ಮಂಗಳೂರಿನ ಕಪ್ಪೆ, ಕಡಲಾಚೆಯ ನೆಂಟರು

ಹೊಸ ಕಪ್ಪೆ ಸಿಕ್ಕಿತೆಂದರೆ ಅದು ಕುದುರೆಮುಖದಲ್ಲೋ ಆಗುಂಬೆಯಲ್ಲೋ ಇರಬೇಕು ಎಂದುಕೊಳ್ಳುತ್ತೇವೆ. ಆದರೆ 2018ರಲ್ಲಿ ‘ಝೂಟಾಕ್ಸಾ’ ಪತ್ರಿಕೆಯ ಮೂಲಕ ಜಗತ್ತಿಗೆ ಪರಿಚಯವಾದ ‘ಮೈಕ್ರೊಹೈಲಾ ಕೊಡಿಯಾಲ್’ ಸಿಕ್ಕಿದ್ದು ಮಂಗಳೂರು ನಗರದಲ್ಲೇ. ಸುತ್ತ ಕೈಗಾರಿಕೆಗಳು, ಒಂದು ಕಾಲಕ್ಕೆ ಮರದ ದಿಮ್ಮಿಗಳನ್ನು ರಾಶಿ ಹಾಕುತ್ತಿದ್ದ ಜಾಗ ಅದು. ಕೊಂಕಣಿಗರು ಮಂಗಳೂರಿಗೆ ಹೇಳುವ ಹೆಸರನ್ನೇ ಕಪ್ಪೆಗೂ ಇಟ್ಟರು. ಮಂಗಳೂರು ವಿಶ್ವವಿದ್ಯಾನಿಲಯದ ವಿನೀತ್ ಕುಮಾರ್, ರಾಜಶೇಖರ ಪಾಟೀಲ್, ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಎನ್.ಎ. ಅರವಿಂದ್ ಮತ್ತು ಸಂಗಡಿಗರು ಇದರ ಹಿಂದಿದ್ದವರು.

ಮೈಕ್ರೊಹೈಲಾ ಕುಲದ ಕಪ್ಪೆಗಳು ಪುಟಾಣಿಗಳು. ಕಿರಿದಾದ ಬಾಯಿ, ಕಂದು ಮೈ, ಬೆನ್ನ ಮೇಲೆ ಮಸುಕು ಚಿತ್ತಾರ. ಪಕ್ಕಪಕ್ಕ ಇಟ್ಟರೆ ಪಳಗಿದ ಕಣ್ಣಿಗೂ ಗೊಂದಲ. ಅದಕ್ಕೇ ಸಂಶೋಧಕರು ಮೈಯ ಅಳತೆ, ಮಳೆಗಾಲದ ರಾತ್ರಿಯ ಕೂಗು, ಡಿಎನ್‌ಎ ಮೂರನ್ನೂ ಜೊತೆಗಿಟ್ಟು ನೋಡಿದರು.

ಡಿಎನ್‌ಎ ಹೋಲಿಸುವುದು ಹಳೆಯ ತಾಡವೋಲೆಗಳ ಪಾಠಶೋಧನೆಯಂಥ ಕೆಲಸ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಂಡರೆ ಎರಡೂ ಒಂದೇ ಮೂಲದಿಂದ ಇಳಿದವು ಎಂದು ವಿದ್ವಾಂಸರು ಹೇಳುತ್ತಾರೆ. ಜೀವಕೋಶವೂ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳನ್ನು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡುತ್ತದೆ, ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. ಕಪ್ಪೆಗಳಲ್ಲಿ ಹೆಚ್ಚಾಗಿ ಓದುವುದು ಮೈಟೊಕಾಂಡ್ರಿಯಾದ 16ಎಸ್ ಎಂಬ ಜೀನನ್ನು. ಅದರ 500 ಅಕ್ಷರಗಳಲ್ಲಿ ಹದಿನೈದರಷ್ಟು, ಅಂದರೆ ಶೇ 3ರಷ್ಟು, ವ್ಯತ್ಯಾಸ ಕಂಡರೆ ಬೇರೆ ಪ್ರಭೇದವಿರಬಹುದೆಂದು ತಜ್ಞರು ಕಿವಿ ನಿಮಿರಿಸುತ್ತಾರೆ. ಬರೀ ಸೂಚನೆ ಅದು, ತೀರ್ಪಲ್ಲ.

ಮಂಗಳೂರಿನ ಕಪ್ಪೆಯ ಅಕ್ಷರಗಳು ಗೊತ್ತಿದ್ದ ಯಾವ ಪ್ರಭೇದಕ್ಕೂ ಹೊಂದಲಿಲ್ಲ. ಹೊಸತೆಂಬುದು ಖಚಿತವಾಯಿತು. ಆದರೆ ವಂಶವೃಕ್ಷದಲ್ಲಿ ಅದು ಹೋಗಿ ಕೂತ ಕೊಂಬೆ ನಮ್ಮ ಘಟ್ಟದ ಕಪ್ಪೆಗಳದ್ದಲ್ಲ, ಆಗ್ನೇಯ ಏಷ್ಯಾದ ಕಪ್ಪೆಗಳದ್ದು! ಇಡೀ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ಆಗ ದಿಮ್ಮಿಗಳ ನೆನಪಾಯಿತು. ಮಂಗಳೂರಿಗೆ ಆಗ್ನೇಯ ಏಷ್ಯಾದಿಂದ ಹಡಗಿನಲ್ಲಿ ಮರ ಬರುತ್ತಿತ್ತು. ಅದರ ತೇವದ ಸಂದುಗಳಲ್ಲಿ ಈ ಕಪ್ಪೆಯ ಹಿರಿಯರೂ ಬಂದಿಳಿದರೇ? ಸಂಶೋಧಕರು ಇದನ್ನು ಒಂದು ಸಾಧ್ಯತೆಯೆಂದಷ್ಟೇ ಮುಂದಿಟ್ಟರು. ಆ ಎಚ್ಚರ ಸರಿಯಾದದ್ದು. 2020ರಲ್ಲಿ ವ್ಲಾದಿಸ್ಲಾವ್ ಗೋರಿನ್ ಮತ್ತು ಸಂಗಡಿಗರು ಇಡೀ ಮೈಕ್ರೊಹೈಲಾ ಕುಲದ ಡಿಎನ್‌ಎ ಹೋಲಿಸಿ, ಈ ಪುಟ್ಟ ಕಪ್ಪೆಗಳು ಭಾರತ ಉಪಖಂಡಕ್ಕೆ ಒಂದಲ್ಲ, ಹಲವು ಸಲ ವಲಸೆ ಬಂದಿವೆ ಎಂದು ತೋರಿಸಿದರು. ಮನುಷ್ಯರೇ ಇಲ್ಲದ ಕಾಲದ ಮಾತದು. ಹಾಗಾಗಿ ನೆಂಟರು ಅಲ್ಲಿದ್ದಾರೆ ಎಂದ ಮಾತ್ರಕ್ಕೆ ಇದು ಮೊನ್ನೆ ಮೊನ್ನೆ ಹಡಗೇರಿ ಬಂದದ್ದು ಎನ್ನುವಂತಿಲ್ಲ.

ಈ ಒಗಟು ಬಿಡಿಸುವ ದಾರಿಯೂ ಡಿಎನ್‌ಎಯಲ್ಲೇ ಇದೆ. ದಿಮ್ಮಿಯ ಜೊತೆ ಬಂದದ್ದಾದರೆ ಕೆಲವೇ ದಶಕಗಳಲ್ಲಿ ಅಕ್ಷರಗಳು ಬದಲಾಗಲು ಹೊತ್ತೇ ಸಿಕ್ಕಿರುವುದಿಲ್ಲ. ಮರ ಹೊರಟ ನಾಡಿನ ಯಾವುದೋ ಹೊಂಡದಲ್ಲಿ ಹೆಚ್ಚುಕಡಿಮೆ ಇದೇ ಪಾಠವಿರುವ ಕಪ್ಪೆ ಈಗಲೂ ಕೂಗುತ್ತಿರಬೇಕು. ಇಲ್ಲೇ ಬೇರೂರಿದ ಹಳಬನಾದರೆ ಕರಾವಳಿಯ ಬೇರೆ ತಗ್ಗುಗಳಲ್ಲೂ, ಒಂದಿಷ್ಟು ಅಕ್ಷರಭೇದದೊಂದಿಗೆ, ಇದರ ಬಳಗ ಸಿಕ್ಕೀತು. ಎರಡೂ ಕಡೆ ಹುಡುಕಬೇಕು. ಅಲ್ಲಿಯವರೆಗೆ ನಗರದಲ್ಲಿ ಈ ಕಪ್ಪೆ ಬದುಕುವ, ನೀರು ನಿಲ್ಲುವ ಜಾಗಗಳಿಗೆ ಮಣ್ಣು ತುಂಬದಂತೆ ನೋಡಿಕೊಳ್ಳುವ ಹೊಣೆ ಮಂಗಳೂರಿನದು.