ಸಿಕ್ಕಲ್ಲ, ಅದು ಅಲೆ: ನಮ್ಮ ಉದ್ದ ಕೂದಲಿನ ಗುಟ್ಟು

ಕಳೆದ ಮಳೆಗಾಲದ ಒಂದು ಶುಕ್ರವಾರ. ನಮ್ಮ ಮನೆಯಲ್ಲಿ ಕರೆಂಟ್ ಇಲ್ಲ, ಫ್ಯಾನ್ ಇಲ್ಲ. ತಲೆಗೆ ನೀರು ಹಾಕಿಕೊಂಡು ಬಂದ ಉಮ್ಮಾಮ ಚಾವಡಿಯ ಬಾಗಿಲ ಬಳಿ ಕೂತು ಕೂದಲು ಬಿಚ್ಚಿ ಹರಡಿದ್ದರು. ಬಾಚಣಿಗೆ ಎಲ್ಲಿಟ್ಟಿದ್ದಾರೆ ಅಂತ ಅವರಿಗೂ ನೆನಪಿಲ್ಲ, ಹುಡುಕುವ ಗಡಿಬಿಡಿಯೂ ಇಲ್ಲ. ಅರ್ಧ ಗಂಟೆ ಕಳೆದು ನೋಡಿದರೆ ಆ ಬೆಳ್ಳಿ ಕೂದಲು ಕಿವಿಯ ಕೆಳಗಿನಿಂದ ತುದಿಯವರೆಗೆ ಅಲೆ ಅಲೆಯಾಗಿ ನಿಂತಿತ್ತು. ನಾವೆಲ್ಲ ಬಾಯಿ ಬಿಟ್ಟು ನೋಡಿದೆವು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವರ ಕೂದಲು ಹೀಗೆ ಉಂಟು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಎಣ್ಣೆ ಹಾಕಿ, ಬಾಚಿ, ಗಟ್ಟಿ ತುರುಬು ಕಟ್ಟಿ, ಮೇಲೆ ಬಟ್ಟೆ ಹೊದ್ದ ತಲೆಯನ್ನೇ ನಾವು ನೋಡಿದ್ದು.

ಆ ಹೊತ್ತಿಗೆ ನಮ್ಮ ಮನೆಯಲ್ಲಿ ಕೂದಲಿನದ್ದೇ ಒಂದು ಜಗಳ ನಡೆಯುತ್ತಿತ್ತು. ಡಿಗ್ರಿ ಓದುವ ಹುಡುಗಿಗೆ ನಿಕಾಹ್ ಗೊತ್ತಾಗಿತ್ತು. ನೋಡಲು ಬಂದ ಹೆಂಗಸರಲ್ಲಿ ಒಬ್ಬರು, "ಮುಖ ಲಾಯಕ್ ಉಂಟು, ಕೂದಲು ಮಾತ್ರ ಸ್ವಲ್ಪ ಸಿಕ್ಕು ಸಿಕ್ಕು" ಅಂದುಬಿಟ್ಟಿದ್ದರು. ಹೇಳಿದವರು ಚಹಾ ಕುಡಿದು ಹೋದರು, ಮಾತು ಮಾತ್ರ ಹುಡುಗಿಯ ಎದೆಯಲ್ಲಿ ಕೂತಿತು. ಮೊಯ್ಲಾಂಜಿಗೆ ಮುಂಚೆ ಪಾರ್ಲರಿಗೆ ಹೋಗಿ ಕೂದಲು ನೇರ ಮಾಡಿಸಿಯೇ ಸಿದ್ಧ ಅಂತ ಅವಳ ಹಟ. ಅವಳ ಉಮ್ಮನಿಗೆ ಅಷ್ಟು ಖರ್ಚು ಮಾಡುವ ಮನಸ್ಸಿಲ್ಲ, ಬೇಡ ಅನ್ನಲೂ ಧೈರ್ಯ ಇಲ್ಲ. ಅಷ್ಟರಲ್ಲಿ ಉಮ್ಮಾಮನ ಕೂದಲು ಕಣ್ಣಿಗೆ ಬಿತ್ತು. ಹುಡುಗಿ ಹತ್ತಿರ ಹೋಗಿ ಒಂದು ಎಳೆ ಹಿಡಿದು ತನ್ನ ಕೂದಲಿಗೆ ತಾಗಿಸಿ ನೋಡಿದಳು. ಬಣ್ಣ ಬೇರೆ, ಬಳುಕು ಒಂದೇ.

"ಇದು ಸಿಕ್ಕಲ್ಲ ಮೋಲೇ, ನನ್ನ ಉಮ್ಮನಿಗೂ ಹೀಗೇ ಇತ್ತು" ಅಂದರು ಉಮ್ಮಾಮ.

ನಮ್ಮಲ್ಲಿ ಎಷ್ಟೋ ಮನೆಗಳ ಕತೆ ಇದೇ. ನೇರವೂ ಅಲ್ಲದ, ಗುಂಗುರೂ ಅಲ್ಲದ ಕೂದಲಿಗೆ ನಾವು ಇಟ್ಟ ಹೆಸರು ಸಿಕ್ಕು, ಒರಟು, ಕಾಡು. ಅದಕ್ಕೆ ಸರಿಯಾದ ಹೆಸರು ಅಲೆ ಕೂದಲು. ಅದು ರೋಗವಲ್ಲ, ದೋಷವೂ ಅಲ್ಲ. ಆರೈಕೆಯ ರೀತಿ ಮಾತ್ರ ಬೇರೆ.

ಅಲೆ ಎಲ್ಲಿಂದ ಬರುತ್ತದೆ?

ಕೂದಲು ಹುಟ್ಟುವ ಬುಡದ ಚೀಲದ ಆಕಾರದ ಮೇಲೆ ಕೂದಲಿನ ಆಕಾರ ನಿಂತಿದೆ. ಚೀಲ ನೆಟ್ಟಗಿದ್ದರೆ ಕೂದಲೂ ನೆಟ್ಟಗೆ, ಬಾಗಿದ್ದರೆ ಕೂದಲಿಗೂ ಬಾಗು. ಇದು ವಂಶದಿಂದ ಬರುವ ಗುಣ. ಹರೆಯಕ್ಕೆ ಬರುವಾಗ, ಹೆರಿಗೆಯ ನಂತರ, ವಯಸ್ಸಾದಾಗ ಕೂದಲಿನ ರೀತಿ ಬದಲಾಗುವುದೂ ಉಂಟು. ಚಿಕ್ಕಂದಿನಲ್ಲಿ ನೇರ ಇದ್ದದ್ದು ಹದಿನೈದರ ನಂತರ ಅಲೆಯಾದರೆ ಶಾಂಪೂವಿನ ತಪ್ಪು ಅಂತ ಎಣಿಸಬೇಕಾಗಿಲ್ಲ.

ಅಮೆರಿಕದ ಕೇಶ ವಿನ್ಯಾಸಕ ಆಂಡ್ರೆ ವಾಕರ್ ಕೂದಲನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಒಂದು ನೇರ, ಎರಡು ಅಲೆ, ಮೂರು ಗುಂಗುರು, ನಾಲ್ಕು ಬಿಗಿ ಗುಂಗುರು. ನಮ್ಮ ಹುಡುಗಿಯದ್ದು, ಉಮ್ಮಾಮನದ್ದು ಎರಡನೆಯ ಬಗೆ.

ಉದ್ದ ಕೂದಲಿನವರಿಗೆ ತಮ್ಮದು ಅಲೆ ಅಂತ ಗೊತ್ತಾಗದಿರಲು ಒಂದು ಕಾರಣ ಉಂಟು. ಉದ್ದವಾದಷ್ಟೂ ಕೂದಲಿನ ಭಾರಕ್ಕೆ ಮೇಲಿನ ಭಾಗ ಜಗ್ಗಿ ನೇರವಾಗುತ್ತದೆ, ಅಲೆ ಕೆಳಗೆ ಮಾತ್ರ ಕಾಣುತ್ತದೆ. ಅದರ ಮೇಲೆ ಒಣಗಿದ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆದೆಳೆದು ಬಾಚಿದರೆ ಒಟ್ಟಿಗೆ ಬಾಗಿ ನಿಂತ ಎಳೆಗಳೆಲ್ಲ ಬೇರೆಬೇರೆಯಾಗಿ ಉಬ್ಬುತ್ತವೆ. ನಾವು "ಹತ್ತಿ ಕೆದರಿದ ಹಾಗೆ" ಅನ್ನುವುದು ಇದನ್ನೇ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಒಣ ಕೂದಲು ಆ ತೇವ ಹೀರಿಕೊಂಡು ಇನ್ನಷ್ಟು ಉಬ್ಬುತ್ತದೆ. ಅದಕ್ಕೇ ಜೂನ್ ಬಂತೆಂದರೆ ಕನ್ನಡಿಯ ಎದುರು ನಮ್ಮ ಗೋಳು ಶುರು.

ನಿಮ್ಮದು ಯಾವುದು ಅಂತ ತಿಳಿಯಲು ಪರೀಕ್ಷೆ ಸುಲಭ. ತಲೆ ತೊಳೆದು, ಬಾಚದೆ, ಏನೂ ಹಚ್ಚದೆ ಹಾಗೆಯೇ ಒಣಗಲು ಬಿಡಿ. ಆಗಾಗ ಮುಟ್ಟಬೇಡಿ. ಒಣಗಿದ ಮೇಲೆ ಎಳೆಗಳು ಹಾವು ಹರಿದ ಹಾಗೆ ಬಳುಕಿದ್ದರೆ ಅದು ಅಲೆ.

ಬಚ್ಚಲಿನಲ್ಲಿ ಶುರುವಾಗುವ ಆರೈಕೆ

ಎಣ್ಣೆ: ನಮ್ಮ ಹಿರಿಯರು ತೆಂಗಿನೆಣ್ಣೆ ಬಿಡಲಿಲ್ಲ, ಅದು ಸರಿಯೇ. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯುತ್ತದೆ. ಆದರೆ ಎಣ್ಣೆ ತೊಳೆಯುವುದಕ್ಕೆ ಒಂದೆರಡು ಗಂಟೆ ಮುಂಚೆ, ಕೂದಲಿನ ಉದ್ದಕ್ಕೆ ಹಚ್ಚಲಿಕ್ಕೆ. ತೊಳೆದ ಮೇಲೆ ತೊಟ್ಟಿಕ್ಕುವಷ್ಟು ಹಾಕಿದರೆ ಅಲೆ ಮಲಗಿಬಿಡುತ್ತದೆ. ತಲೆಹೊಟ್ಟು ಇರುವವರು ಬುಡಕ್ಕೆ ಎಣ್ಣೆ ಸುರಿಯಬಾರದು. ಹೊಟ್ಟಿಗೆ ಕಾರಣವಾದ ಸೂಕ್ಷ್ಮಜೀವಿಗೆ ಎಣ್ಣೆಯೇ ಊಟ.

ತೊಳೆಯುವುದು: ಶಾಂಪೂ ತಲೆಯ ಚರ್ಮಕ್ಕೆ, ಕೂದಲಿನ ಉದ್ದಕ್ಕಲ್ಲ. ಬುಡದಲ್ಲಿ ಬೆರಳ ತುದಿಯಿಂದ ತಿಕ್ಕಿದರೆ ನೊರೆ ಇಳಿಯುವಾಗ ಉಳಿದದ್ದು ತನ್ನಷ್ಟಕ್ಕೆ ತೊಳೆದುಹೋಗುತ್ತದೆ. ವಾರಕ್ಕೆ ಎರಡು ಸಲ ಹೆಚ್ಚಿನವರಿಗೆ ಸಾಕು. ಬೆವರು ಜಾಸ್ತಿ ಇದ್ದರೆ ಇನ್ನೊಂದು ಸಲ.

ದಾಸವಾಳ ಎಲೆಯನ್ನು ನೀರಿನಲ್ಲಿ ಹಿಸುಕಿ ತೆಗೆದ ಗೊಂಪು ಗೊತ್ತಲ್ಲ? ಅಲೆ ಕೂದಲಿಗೆ ಅದು ಹೇಳಿ ಮಾಡಿಸಿದ್ದು. ಆ ಲೋಳೆ ಎಳೆಗಳನ್ನು ಜಾರಿಸಿ ಸಿಕ್ಕು ಬಿಡಿಸುತ್ತದೆ. ಚೆನ್ನಾಗಿ ಸೋಸಿಕೊಳ್ಳಿ, ಇಲ್ಲದಿದ್ದರೆ ಎಲೆಯ ಚೂರು ಹೆಕ್ಕುವುದೇ ಅರ್ಧ ದಿನದ ಕೆಲಸ. ಅಷ್ಟು ಪುರುಸೊತ್ತಿಲ್ಲದವರಿಗೆ ಕಂಡೀಷನರ್ ಆಗುತ್ತದೆ, ಕಿವಿಯಿಂದ ಕೆಳಗೆ ಮಾತ್ರ.

ಸಿಕ್ಕು ಬಿಡಿಸುವುದು: ಅಲೆ ಕೂದಲನ್ನು ಗೊಂಪೋ ಕಂಡೀಷನರೋ ಇರುವಾಗಲೇ ಬಿಡಿಸಬೇಕು. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಒದ್ದೆ ಕೂದಲಿಗೆ ಶಕ್ತಿ ಕಡಿಮೆ, ಎಳೆದರೆ ರಬ್ಬರಿನ ಹಾಗೆ ಹಿಗ್ಗಿ ತುಂಡಾಗುತ್ತದೆ. ಮಕ್ಕಳ ತಲೆ ಬಾಚುವಾಗ ಮದ್ರಸದ ಹೊತ್ತಾಯಿತು ಅಂತ ಬುಡದಿಂದ ಎಳೆಯುತ್ತೇವಲ್ಲ, ಆ ಅಳು ಅರ್ಧ ನಮ್ಮ ತಪ್ಪಿನಿಂದ.

ಒರಸುವುದು: ದಪ್ಪ ಟರ್ಕಿ ಟವೆಲಿನಲ್ಲಿ ಗಸಗಸ ಉಜ್ಜಬೇಡಿ. ನಮ್ಮ ತೆಳು ಬೈರಾಸು ಇದಕ್ಕೆ ಎಷ್ಟೋ ಒಳ್ಳೆಯದು. ತಲೆ ಬಗ್ಗಿಸಿ, ಕೂದಲ ತುದಿಯನ್ನು ಬೈರಾಸಿನಲ್ಲಿ ಹಿಡಿದು ಮೇಲಕ್ಕೆ ತಂದು ಮೆಲ್ಲಗೆ ಅಮುಕಿ ಬಿಡಿ. ಹೀಗೆ ನಾಲ್ಕೈದು ಸಲ. ಅಲೆ ಕೂರುವುದು ಈ ಹೊತ್ತಿನಲ್ಲಿ. ಒದ್ದೆಯಾದಾಗ ಕೂದಲಿನ ಒಳಗಿನ ಸಣ್ಣ ಬಂಧಗಳು ಬಿಡುತ್ತವೆ, ಒಣಗುವಾಗ ಯಾವ ಆಕಾರದಲ್ಲಿ ಇರುತ್ತದೋ ಅದೇ ಆಕಾರದಲ್ಲಿ ಮತ್ತೆ ಸೇರಿಕೊಳ್ಳುತ್ತವೆ.

ಅಲೆ ದಿನವಿಡೀ ನಿಲ್ಲಬೇಕಾದರೆ ಅಗಸೆ ಬೀಜದ ಜೆಲ್ ಮನೆಯಲ್ಲೇ ಆಗುತ್ತದೆ. ಎರಡು ಚಮಚ ಬೀಜ, ಒಂದು ಲೋಟ ನೀರು, ಸಣ್ಣ ಉರಿ. ಲೋಳೆ ಬಂದ ಕೂಡಲೇ ಬಿಸಿ ಇರುವಾಗಲೇ ಸೋಸಿ. ತಣಿದರೆ ಬೀಜ ಬಿಡುವುದಿಲ್ಲ ಮಾರ್ರೆ, ನಾವು ಒಮ್ಮೆ ಪಾತ್ರೆ ಸಮೇತ ಸೋತಿದ್ದೇವೆ. ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ.

ಸ್ಕಾರ್ಫಿನ ಒಳಗೆ

ಇದು ನಮ್ಮದೇ ವಿಷಯ, ಬೇರೆಯವರ ಸಲಹೆಯಲ್ಲಿ ಸಿಗುವುದು ಕಡಿಮೆ. ಬೆಳಿಗ್ಗೆ ಕಾಲೇಜಿಗೆ, ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಒದ್ದೆ ಕೂದಲನ್ನೇ ಗಂಟು ಹಾಕಿ ಸ್ಕಾರ್ಫ್ ಸುತ್ತುತ್ತೇವೆ. ಸಂಜೆ ಬಿಚ್ಚುವಾಗ ವಾಸನೆ, ತುರಿಕೆ. ಒದ್ದೆ, ಬೆವರು, ಸೆಕೆ ಮೂರೂ ಸೇರಿದರೆ ಹೊಟ್ಟಿಗೆ ಹಬ್ಬ. ಹಾಗಾಗಿ ಹೊರಗೆ ಹೋಗುವವರು ತಲೆಗೆ ನೀರು ಹಾಕುವುದನ್ನು ಸಂಜೆಗೆ ಇಟ್ಟುಕೊಳ್ಳಿ. ಫ್ಯಾನ್ ಕೆಳಗೆ ಒಣಗಿಸಿ, ಮಲಗುವಾಗ ಸಡಿಲ ಜಡೆ ಹಾಕಿದರೆ ಬೆಳಿಗ್ಗೆ ಅಲೆ ತಯಾರು.

ಎರಡನೆಯದು ಬಿಗಿ. ಸ್ಕಾರ್ಫ್ ಜಾರಬಾರದು ಅಂತ ರಬ್ಬರ್ ಬ್ಯಾಂಡ್ ಹಾಕಿ ಕೂದಲನ್ನು ಹಿಂದಕ್ಕೆ ಎಳೆದು ಕಟ್ಟುತ್ತೇವೆ. ವರ್ಷಗಟ್ಟಲೆ ಹೀಗೆ ಮಾಡಿದರೆ ಹಣೆಯ ಅಂಚಿನಲ್ಲಿ, ಕಿವಿಯ ಮೇಲ್ಭಾಗದಲ್ಲಿ ಕೂದಲು ತೆಳ್ಳಗಾಗುತ್ತದೆ. ಬೇಗ ಸಡಿಲ ಮಾಡಿದರೆ ಮತ್ತೆ ಬರುತ್ತದೆ, ತಡವಾದರೆ ಬುಡವೇ ಸಾಯುತ್ತದೆ. ಬಟ್ಟೆಯ ಬ್ಯಾಂಡ್ ಬಳಸಿ, ಗಂಟಿನ ಜಾಗ ದಿನಕ್ಕೊಂದು ಕಡೆ ಬದಲಿಸಿ. ಒಳಗಿನ ಟೊಪ್ಪಿ ಮೆದುವಾದ ಬಟ್ಟೆಯದ್ದಿರಲಿ. ಮನೆಗೆ ಬಂದ ಮೇಲೆ ತಲೆಗೆ ಗಾಳಿ ತಾಗಲಿ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಉದ್ದ ಕೂದಲಿನವರಿಗೆ ಅದು ಗುಡ್ಡೆಯ ಹಾಗೆ ಕಾಣುತ್ತದೆ, ಅಷ್ಟೆ. ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಜಾಸ್ತಿ ಉದುರುವುದೂ ಸಾಮಾನ್ಯ, ಹೆಚ್ಚಿನವರಿಗೆ ವರ್ಷದೊಳಗೆ ಸರಿಯಾಗುತ್ತದೆ. ನಿಲ್ಲದೆ ಉದುರಿದರೆ ಎಣ್ಣೆಯ ಬಾಟಲಿ ಬದಲಿಸುತ್ತಾ ಕೂರಬೇಡಿ, ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಗುಸ್ಲ್, ವುಝು ಮತ್ತು ಜೆಲ್

ಉದ್ದ ಕೂದಲಿನ ಹೆಂಗಸರು ಕೇಳುವ ಪ್ರಶ್ನೆ ಹೊಸತಲ್ಲ. ಜಡೆಯನ್ನು ಬಿಗಿಯಾಗಿ ಹೆಣೆಯುವವಳು ನಾನು, ಸ್ನಾನಕ್ಕೆ ಬಿಚ್ಚಬೇಕೇ ಅಂತ ಉಮ್ಮು ಸಲಮಾ (ರ.ಅ.) ಅವರೇ ಪ್ರವಾದಿಯವರಲ್ಲಿ (ಸ.ಅ.) ಕೇಳಿದ್ದರು. ಬೇಡ, ತಲೆಗೆ ಮೂರು ಬೊಗಸೆ ನೀರು ಸುರಿದುಕೊಂಡರೆ ಸಾಕು ಎಂಬ ಅರ್ಥದ ಉತ್ತರ ಬಂದದ್ದು ಸಹೀಹ್ ಮುಸ್ಲಿಮಿನಲ್ಲಿದೆ. ನಮ್ಮ ಶಾಫಿಈ ಮದ್‌ಹಬಿನಲ್ಲಿ ನೀರು ಕೂದಲಿನ ಒಳಗೂ ತಲುಪಬೇಕು. ಬಿಚ್ಚದೆ ತಲುಪುವುದಾದರೆ ಬಿಚ್ಚಬೇಕಾಗಿಲ್ಲ, ತಲುಪದಿದ್ದರೆ ಬಿಚ್ಚಬೇಕು. ಜೆಲ್ ಒಣಗಿ ಪದರ ಕಟ್ಟುವಂಥದ್ದಾದರೆ ಗುಸ್ಲಿಗೆ ಮುಂಚೆ ತೊಳೆದು ತೆಗೆಯಿರಿ. ಸಂಶಯ ಇದ್ದರೆ ನಿಮ್ಮ ಜಮಾಅತಿನ ಉಸ್ತಾದರಲ್ಲಿ ಕೇಳಿ.

ಇನ್ನೊಂದು ಮಾತು. ಮಂಕೂಸ್ ಮೌಲಿದ್ ಕೇಳಿ ಬೆಳೆದ ಮನೆಗಳು ನಮ್ಮವು. ಪ್ರವಾದಿಯವರ (ಸ.ಅ.) ಕೂದಲು ತೀರಾ ಗುಂಗುರೂ ಅಲ್ಲ, ತೀರಾ ನೇರವೂ ಅಲ್ಲ ಎಂದು ಅನಸ್ (ರ.ಅ.) ವರದಿ ಮಾಡಿದ್ದಾರೆ, ಇಮಾಮ್ ತಿರ್ಮಿದಿಯವರ ಶಮಾಇಲಿನ ಶುರುವಿಗೇ ಅದು ಇದೆ. ಕೂದಲು ಇದ್ದವರು ಅದನ್ನು ಗೌರವದಿಂದ ನೋಡಿಕೊಳ್ಳಲಿ ಎಂಬ ಬೋಧನೆ ಅಬೂದಾವೂದಿನಲ್ಲಿದೆ. ದಿನವಿಡೀ ಬಾಚುತ್ತಾ ಕೂರಬಾರದು, ಬಿಡುವು ಕೊಟ್ಟು ಬಾಚಬೇಕು ಎಂಬ ವರದಿಯೂ ಉಂಟು. ನೇರವೂ ಅಲ್ಲದ, ಗುಂಗುರೂ ಅಲ್ಲದ ಕೂದಲಿನ ಹುಡುಗಿಯನ್ನು ನೋಡಿ ಮೂಗು ಮುರಿಯುವ ಮುಂಚೆ ನಾವು ಇಷ್ಟನ್ನಾದರೂ ನೆನಪಿಟ್ಟುಕೊಳ್ಳಬೇಕು.

ನೇರ ಮಾಡಿಸುವ ಮುಂಚೆ

ಇಸ್ತ್ರಿಯಂಥ ಯಂತ್ರ 200 ಡಿಗ್ರಿಯವರೆಗೂ ಬಿಸಿಯಾಗುತ್ತದೆ. ಅದರಿಂದ ಬಂದ ನೇರ ಮುಂದಿನ ತೊಳೆತದವರೆಗೆ ಮಾತ್ರ, ಸುಟ್ಟದ್ದು ಮಾತ್ರ ಹಾಗೇ ಉಳಿಯುತ್ತದೆ. ರಾಸಾಯನಿಕದಿಂದ ಶಾಶ್ವತವಾಗಿ ನೇರ ಮಾಡುವಾಗ ಕೂದಲಿನ ಒಳಗಿನ ಗಟ್ಟಿ ಗಂಧಕದ ಬಂಧವನ್ನೇ ಮುರಿದು ಕಟ್ಟುತ್ತಾರೆ. ಕೆರಾಟಿನ್ ಹೆಸರಿನ ಕೆಲವು ಚಿಕಿತ್ಸೆಗಳಲ್ಲಿ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಆವಿ ಬರುತ್ತದೆ. ಇದು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಕ್ರೀಮುಗಳಿಂದ ಕಿಡ್ನಿಗೆ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಮಾಡಿಸಲೇಬೇಕು ಅನ್ನುವವರು ಡಬ್ಬಿಯ ಮೇಲಿನ ಹೆಸರು ಓದಿ, ಪ್ರಶ್ನೆ ಕೇಳಿ. ಗರ್ಭಿಣಿಯರು ದೂರ ಇರುವುದೇ ಒಳ್ಳೆಯದು.

ಲೆಕ್ಕವೂ ಹಾಕಿ ನೋಡಿ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದವರೆಗಿನ ಕೂದಲು ಅಂದರೆ ಐದಾರು ವರ್ಷದ ಬೆಳೆ. ಆರು ತಿಂಗಳಲ್ಲಿ ಬುಡದಿಂದ ಅಲೆ ಮತ್ತೆ ಬರುತ್ತದೆ, ಕೆಳಗೆ ನೇರ. ನಮ್ಮ ಬಂಧುವೊಬ್ಬಳಿಗೆ ಈ ಎರಡೂ ಕೂಡುವ ಜಾಗದಲ್ಲೇ ಕೂದಲು ಮುರಿಯತೊಡಗಿ, ಕೊನೆಗೆ ಭುಜದವರೆಗೆ ಕತ್ತರಿಸಬೇಕಾಯಿತು.

ನಮ್ಮ ಹುಡುಗಿ ಪಾರ್ಲರಿಗೆ ಹೋಗಲಿಲ್ಲ. ನಾವು ಯಾರೂ ಬೇಡ ಅನ್ನಲಿಲ್ಲ. ಎರಡು ತಿಂಗಳು ಗೊಂಪು, ಬೈರಾಸು, ಸಡಿಲ ಜಡೆ ಮಾಡಿ ಅವಳೇ ಕನ್ನಡಿ ನೋಡಿ ತೀರ್ಮಾನ ಮಾಡಿದಳು. ಮೊಯ್ಲಾಂಜಿ ರಾತ್ರಿ ಹೆಂಗಸರ ನಡುವೆ ಕೂದಲು ಬಿಟ್ಟು ಕೂತಾಗ, ಅಂದು ಸಿಕ್ಕು ಅಂದಿದ್ದವರೇ ಹತ್ತಿರ ಬಂದು, "ಎಲ್ಲಿ ಮಾಡಿಸಿದ್ದು ಮೋಲೇ?" ಅಂತ ಕೇಳಿದರು. ಅವಳು ಮೂಲೆಯಲ್ಲಿ ಕೂತಿದ್ದ ಉಮ್ಮಾಮನನ್ನು ತೋರಿಸಿದಳು.

ಈ ಶುಕ್ರವಾರ ತಲೆಗೆ ನೀರು ಹಾಕಿದ ಮೇಲೆ ಬಾಚಣಿಗೆಯನ್ನು ಒಂದು ಗಂಟೆ ದೂರ ಇಡಿ. ನಿಮ್ಮ ಮನೆಯ ಹಿರಿಯರ ಕೂದಲನ್ನೂ ಒಮ್ಮೆ ಬಿಚ್ಚಿ ನೋಡಿ. ಯಾರಿಂದ ಏನು ಬಂದಿದೆ ಅಂತ ಆಗ ಗೊತ್ತಾಗುತ್ತದೆ.